ಷರತ್ತು ಕೆಟ್ಟಿದ್ದು ಎಲ್ಲಿ? ಕರಾರಿನ ವಾಕ್ಯಕ್ಕೊಂದು ರಿಪೇರಿ ಕೈಪಿಡಿ

"ಗ್ರಾಹಕರಿಗೆ ತೃಪ್ತಿಯಾಗುವವರೆಗೆ ತಿದ್ದಿಕೊಡಲಾಗುವುದು."

ಒಂದು ಅನುವಾದದ ಕೆಲಸಕ್ಕೆ ಕರಾರು ಬರೆಯುವಾಗ ನಾನೇ ಕೈಯಾರೆ ಹಾಕಿದ ಸಾಲು ಇದು. ಬರೆದಾಗ ಸೌಜನ್ಯದ ಮಾತಿನ ಹಾಗೆ ಕಂಡಿತ್ತು. ಫೈಲು ಹನ್ನೊಂದನೇ ಸಲ ವಾಪಸ್ ಬಂದಾಗ ಅದು ಸೌಜನ್ಯವಲ್ಲ, ಷರತ್ತು ಎಂದು ತಿಳಿಯಿತು. ಗ್ರಾಹಕರನ್ನು ಬೈಯುವ ಹಾಗೂ ಇರಲಿಲ್ಲ. ಅವರಿಗೆ ಇನ್ನೂ ತೃಪ್ತಿಯಾಗಿರಲಿಲ್ಲ, ಅಷ್ಟೇ.

ಮೋಟಾರು ಕೆಟ್ಟರೆ ಸದ್ದು ಬರುತ್ತದೆ, ಸುಟ್ಟ ವಾಸನೆ ಬರುತ್ತದೆ. ಷರತ್ತು ಕೆಟ್ಟಿದ್ದರೆ ಏನೂ ಬರುವುದಿಲ್ಲ. ಎರಡೂ ಕಡೆಯವರು ಓದುತ್ತಾರೆ, ಸರಿ ಎನ್ನುತ್ತಾರೆ, ಸಹಿ ಹಾಕುತ್ತಾರೆ. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಅರ್ಥ ಕೂತಿರುತ್ತದೆ. ಹಣ ಕೊಡುವ ದಿನ ಬಂದಾಗಲೇ ಅದು ಹೊರಗೆ ಬೀಳುವುದು. ಹಾಗಾಗಿ ಸಹಿಗೆ ಮುಂಚೆ ನಾವೇ ಆ ಜಗಳವನ್ನು ಒಮ್ಮೆ ಆಡಿ ನೋಡಬೇಕು.

ದೋಷ ಯಾವ ಜಾತಿಯದು?

ವಾಕ್ಯ ಗೋಜಲಾಗಿದೆ ಎಂದು ಅನ್ನಿಸಿದ ಕೂಡಲೇ ತಿದ್ದಲು ಹೊರಡಬೇಡಿ. ಮೊದಲು ಜಾತಿ ಗುರುತಿಸಿ. ಒಂದು ಜಾತಿಯ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಮೊದಲನೆಯದು ಎರಡರ್ಥ. ಮಾತು ಸ್ಪಷ್ಟವಾಗಿಯೇ ಇರುತ್ತದೆ, ಆದರೆ ಎರಡು ಥರ ಸ್ಪಷ್ಟ. 1864ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಒಂದು ಮೊಕದ್ದಮೆ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಬಾಂಬೆಯಿಂದ 'ಪಿಯರ್‌ಲೆಸ್' ಎಂಬ ಹಡಗಿನಲ್ಲಿ ಲಿವರ್‌ಪೂಲಿಗೆ ಬರುವ ಹತ್ತಿಗೆ ಕರಾರಾಗಿತ್ತು. ಆ ಹೆಸರಿನ ಹಡಗು ಎರಡಿದ್ದವು! ಒಂದು ಹೊರಟಿದ್ದು ಅಕ್ಟೋಬರಿನಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ. ಕೊಳ್ಳುವವರ ಮನಸ್ಸಿನಲ್ಲಿ ಒಂದು, ಮಾರುವವರ ಮನಸ್ಸಿನಲ್ಲಿ ಮತ್ತೊಂದು. ಡಿಸೆಂಬರಿನ ಹತ್ತಿ ನಮಗೆ ಬೇಡ ಎಂದ ಕೊಳ್ಳುವವರೇ ಗೆದ್ದರು.

ಎರಡನೆಯದು ಅಂಚಿಲ್ಲದ ಮಾತು. 'ಉತ್ತಮ ಗುಣಮಟ್ಟ', 'ಸೂಕ್ತ ಸಮಯ', ನನ್ನ 'ತೃಪ್ತಿ' ಎಲ್ಲ ಈ ಗುಂಪಿಗೆ ಸೇರುತ್ತವೆ. ಇಲ್ಲಿ ಅರ್ಥ ಒಂದೇ. ಅದು ಎಲ್ಲಿ ಮುಗಿಯುತ್ತದೆ ಎಂಬುದೇ ಗೊತ್ತಾಗುವುದಿಲ್ಲ.

ಮೂರನೆಯದು ಬಿಟ್ಟುಹೋದ ಮಾತು. ಬರೆದಿದ್ದೆಲ್ಲ ಸರಿಯಾಗಿಯೇ ಇದೆ, ಬೇಕಾದದ್ದೊಂದು ಬರೆದೇ ಇಲ್ಲ. 1872ರ ಭಾರತೀಯ ಕರಾರು ಕಾಯಿದೆಯ 29ನೇ ಸೆಕ್ಷನ್ನಿನಲ್ಲಿ ಇಂಥದ್ದರ ಉದಾಹರಣೆಗಳೇ ಇವೆ. 'ನೂರು ಟನ್ ಎಣ್ಣೆ' ಮಾರುವುದಾಗಿ ಒಬ್ಬ ಒಪ್ಪುತ್ತಾನೆ. ಯಾವ ಎಣ್ಣೆ ಎಂದು ತಿಳಿಯಲು ಯಾವ ದಾರಿಯೂ ಇಲ್ಲ. ಆ ಕರಾರು ಅನೂರ್ಜಿತ. ಆದರೆ ಮಾರುವವನು ತೆಂಗಿನೆಣ್ಣೆಯನ್ನು ಮಾತ್ರ ಮಾರುವ ವ್ಯಾಪಾರಿಯಾಗಿದ್ದರೆ ಅದೇ ಮಾತು ನಡೆಯುತ್ತದೆ, ಅವನ ವ್ಯಾಪಾರವೇ ಎಣ್ಣೆ ಯಾವುದೆಂದು ಹೇಳುತ್ತದಲ್ವಾ. ನನಗೆ ಈ ಎರಡನೇ ಉದಾಹರಣೆ ಜಾಸ್ತಿ ಇಷ್ಟ. ಸಂದರ್ಭವೇ ತುಂಬಿಕೊಡುವ ಖಾಲಿ ಜಾಗವನ್ನೂ ಮಾತಿನಿಂದ ತುಂಬಲು ಹೋದರೆ ಕರಾರು ನಲವತ್ತು ಪುಟವಾಗುತ್ತದೆ, ಯಾರೂ ಓದುವುದಿಲ್ಲ. ಓದದ ಕರಾರು ಇನ್ನೂ ಅಪಾಯ.

ಜಗಳಗಂಟನ ಕಣ್ಣಿನಿಂದ ಓದುವುದು

ದೋಷ ಹುಡುಕಲು ನಾನು ಮೊದಲು ಮಾಡುವ ಕೆಲಸ ಇದು. ಈ ಷರತ್ತನ್ನು ತಿರುಚಿದರೆ ಯಾರಿಗೆ ಲಾಭ ಎಂದು ಕೇಳಿಕೊಂಡು, ಅವರ ಕುರ್ಚಿಯಲ್ಲಿ ಕೂತು ಓದುತ್ತೇನೆ. ಬರೆದವರಿಗೆ ತಮ್ಮ ಮನಸ್ಸಿನಲ್ಲಿರುವ ಅರ್ಥ ಮೊದಲೇ ಗೊತ್ತು, ಕಣ್ಣು ಅದನ್ನೇ ಓದುತ್ತದೆ. ಹಣ ಕೊಡಲು ಮನಸ್ಸಿಲ್ಲದವರ ಕಣ್ಣಿಗೆ ಮಾತ್ರ ಪುಟದಲ್ಲಿ ನಿಜಕ್ಕೂ ಏನಿದೆ ಎಂಬುದು ಕಾಣುತ್ತದೆ.

ಬರೆಯುವವರೇ ಇದನ್ನು ಮಾಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಬೇರೆ ಯಾವ ದಾರಿಯಿಂದಲೂ ಎರಡರ್ಥ ಬಗೆಹರಿಯದಿದ್ದರೆ ಬರೆದವರಿಗೆ ವಿರುದ್ಧವಾದ ಅರ್ಥವನ್ನೇ ಹಿಡಿಯುವ ಹಳೆಯ ನಿಯಮ ಅನೇಕ ದೇಶಗಳ ಕೋರ್ಟುಗಳಲ್ಲಿ ಇದೆ. ವಕೀಲರು ಅದನ್ನು 'ಕಾಂಟ್ರಾ ಪ್ರೊಫೆರೆಂಟೆಮ್' ಎನ್ನುತ್ತಾರೆ.

ಆಮೇಲೆ ಲೆಕ್ಕ ಹಾಕಿ ನೋಡುತ್ತೇನೆ. ಷರತ್ತಿಗೆ ಒಂದು ನಿಜವಾದ ತಾರೀಕು, ಒಂದು ಮೊತ್ತ ಕೊಟ್ಟು ನಡೆಸುವುದು. ಬಿಲ್ಲು ಕೊಟ್ಟಿದ್ದು 31ನೇ ತಾರೀಕು, ಮೊತ್ತ 1,000. ಈಗ ಏನಾಗುತ್ತದೆ? ಉತ್ತರ ಒಂದೇ ಸಂಖ್ಯೆಯಲ್ಲಿ, ಒಂದೇ ದಿನದಲ್ಲಿ ಬರಬೇಕು. "ಅದು ನೋಡಬೇಕು" ಎಂದು ಬಂದರೆ ದೋಷ ಅಲ್ಲೇ ಇದೆ.

ಮೂರನೇ ಪರೀಕ್ಷೆ, ವಾಕ್ಯವನ್ನು ನಿಮಗೆ ಬರುವ ಇನ್ನೊಂದು ಭಾಷೆಗೆ ತಿರುಗಿಸಿ. ತಿರುಗಿಸುವಾಗ ಎಲ್ಲಿ "ಇದು ಹೀಗೋ ಹಾಗೋ" ಎಂದು ಪೆನ್ನು ನಿಲ್ಲುತ್ತದೋ ಅಲ್ಲೇ ಬಿರುಕು. ಅನುವಾದಕನ ಕಸುಬಿನ ಹೆಮ್ಮೆ ಎಂದುಕೊಳ್ಳಬೇಡಿ, ಇದಕ್ಕೆ ಕೆನಡಾದ ಒಂದು ಕರಾರು ಸಾಕ್ಷಿ. ರೋಜರ್ಸ್ ಎಂಬ ಕಂಪನಿ ಅಲಿಯಂಟ್ ಎಂಬ ಕಂಪನಿಯ ಜೊತೆ ಕಂಬಗಳ ಮೇಲೆ ಕೇಬಲ್ ಎಳೆಯುವ ಕರಾರು ಮಾಡಿಕೊಂಡಿತ್ತು. ಕರಾರು 5 ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷ ಮುಂದುವರಿಯುತ್ತದೆ, ಯಾರಾದರೂ ಒಂದು ವರ್ಷ ಮುಂಚೆ ನೋಟಿಸ್ ಕೊಟ್ಟು ನಿಲ್ಲಿಸದ ಹೊರತು. ಇಷ್ಟೂ ಒಂದೇ ಉದ್ದನೆಯ ವಾಕ್ಯದಲ್ಲಿತ್ತು. ಈ 'ನಿಲ್ಲಿಸದ ಹೊರತು' ಮೊದಲ 5 ವರ್ಷಕ್ಕೂ ಸೇರುತ್ತದೆಯೇ? 2006ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ಒಂದು ಅಲ್ಪವಿರಾಮ ಇರುವ ಜಾಗ ನೋಡಿ, ಸೇರುತ್ತದೆ ಎಂದಿತು. ಮರುವರ್ಷ ಅದೇ ಆಯೋಗ ಆ ಕರಾರಿಗೆ ಆಧಾರವಾಗಿದ್ದ ಮಾದರಿ ಕರಾರಿನ ಫ್ರೆಂಚ್ ಪ್ರತಿಯನ್ನು ನೋಡಿ, ಇಲ್ಲ, ಸೇರುವುದಿಲ್ಲ ಎಂದಿತು. ಇಂಗ್ಲಿಷಿನಲ್ಲಿದ್ದ ಗೊಂದಲ ಫ್ರೆಂಚಿನಲ್ಲಿ ಇರಲೇ ಇಲ್ಲ.

ಕನ್ನಡದಲ್ಲಿ ನಾವು ಅಲ್ಪವಿರಾಮಕ್ಕೆ ಅಷ್ಟು ಜೋತುಬೀಳುವುದಿಲ್ಲ. ಹಾಗೆಂದು ನಾವು ಪಾರಾದೆವು ಎಂದಲ್ಲ. "ಒಂದು ವರ್ಷ ಮುಂಚೆ ನೋಟಿಸ್ ಕೊಡದಿದ್ದರೆ ಕರಾರು 5 ವರ್ಷ ನಡೆದು ಆಮೇಲೆ ಮತ್ತೆ 5 ವರ್ಷ ಮುಂದುವರಿಯುತ್ತದೆ" ಎಂದು ಬರೆದು ನೋಡಿ. ಬಾಲದಲ್ಲಿದ್ದ ತೊಂದರೆ ತಲೆಗೆ ಬಂತು, ಅಷ್ಟೇ. ಮದ್ದು, ವಾಕ್ಯವನ್ನು ಕತ್ತರಿಸುವುದು: "ಕರಾರು 5 ವರ್ಷ ನಡೆಯುತ್ತದೆ. ಆ 5 ವರ್ಷದಲ್ಲಿ ಯಾರೂ ನೋಟಿಸ್ ಕೊಟ್ಟು ಕರಾರನ್ನು ನಿಲ್ಲಿಸುವಂತಿಲ್ಲ. ಆಮೇಲೂ ಕರಾರು ಮುಂದುವರಿಯುತ್ತದೆ. ಆಗ ಯಾರು ಬೇಕಾದರೂ, ಯಾವಾಗ ಬೇಕಾದರೂ ಒಂದು ವರ್ಷದ ನೋಟಿಸ್ ಕೊಟ್ಟು ನಿಲ್ಲಿಸಬಹುದು." ಒಂದು ವಾಕ್ಯಕ್ಕೆ ಒಂದೇ ಕೆಲಸ.

ಕರ್ತೃ ಕಾಣೆ

ಕನ್ನಡದ ಕರಾರುಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದು. ನಮ್ಮ ಭಾಷೆಯಲ್ಲಿ ಕರ್ತೃ ಇಲ್ಲದೆ ವಾಕ್ಯ ಆರಾಮಾಗಿ ನಡೆಯುತ್ತದೆ. "ಊಟ ಆಯ್ತಾ" ಎಂದರೆ ಯಾರದು ಎಂದು ಯಾರೂ ಕೇಳುವುದಿಲ್ಲ. ಅದೇ ಅಭ್ಯಾಸ ಕರಾರಿಗೂ ಬರುತ್ತದೆ. "ಕೆಲಸ ಮುಗಿದ ಮೇಲೆ ಸ್ಥಳವನ್ನು ಸ್ವಚ್ಛಗೊಳಿಸತಕ್ಕದ್ದು." ಯಾರು? "ಬಿಲ್ಲನ್ನು ಪರಿಶೀಲಿಸಿ ಪಾವತಿ ಮಾಡಲಾಗುವುದು." ಪರಿಶೀಲಿಸುವವರು ಯಾರು, ಎಷ್ಟು ದಿನ, ಒಪ್ಪಿಗೆಯಾಗದಿದ್ದರೆ ಏನು? 'ಲಾಗುವುದು' ಎಂಬ ಬಾಲ ಕಂಡಲ್ಲೆಲ್ಲ ಪೆನ್ನಿನಿಂದ ಸುತ್ತು ಹಾಕಿ. ಅದು ಗಂಭೀರವಾಗಿ ಕೇಳಿಸುತ್ತದೆ, ಜವಾಬ್ದಾರಿಯನ್ನು ಯಾರ ತಲೆಗೂ ಕಟ್ಟುವುದಿಲ್ಲ.

ರಿಪೇರಿಯಾದ ಮೇಲೆ ಹೀಗಿರಬಹುದು: "ಗುತ್ತಿಗೆದಾರರು ಬಿಲ್ಲು ಕೊಟ್ಟ ಮರುದಿನವನ್ನು ಮೊದಲ ದಿನ ಎಂದು ಎಣಿಸಬೇಕು. 15ನೇ ದಿನ ಮುಗಿಯುವ ಮೊದಲು ಕೆಲಸ ಕೊಟ್ಟವರು ಬಿಲ್ಲಿನ ಪೂರ್ತಿ ಹಣ ಕೊಡಬೇಕು, ಇಲ್ಲವೇ ಯಾವ ಬಾಬ್ತಿಗೆ ತಕರಾರು ಇದೆ ಎಂದು ಬರೆದು ತಿಳಿಸಿ ಉಳಿದ ಬಾಬ್ತಿನ ಹಣ ಕೊಡಬೇಕು." ಉದ್ದವಾಯಿತು, ಒಪ್ಪುತ್ತೇನೆ. ಆದರೆ ಜಗಳಗಂಟನಿಗೆ ನುಸುಳಲು ಈಗ ಜಾಗ ಕಡಿಮೆ.

ಇದರ ತಮ್ಮನೇ ಸರ್ವನಾಮ. "ಮಾಲೀಕರು ಬಾಡಿಗೆದಾರರಿಗೆ ಅವರ ಖರ್ಚಿನಲ್ಲಿ ರಿಪೇರಿ ಮಾಡಿಸಿಕೊಡಬೇಕು." ಯಾರ ಖರ್ಚು? ಮಾಲೀಕರು ಒಂದು ಓದುತ್ತಾರೆ, ಬಾಡಿಗೆದಾರರು ಇನ್ನೊಂದು ಓದುತ್ತಾರೆ. ಕನ್ನಡದಲ್ಲಿ 'ತಮ್ಮ' ಎಂಬ ಒಳ್ಳೆಯ ಪದ ಇದೆ, ಸಾಮಾನ್ಯವಾಗಿ ಕರ್ತೃವಿನ ಕಡೆಗೇ ತಿರುಗುತ್ತದೆ. ಆದರೆ ಮರ್ಯಾದೆಗೆ 'ನಿಮ್ಮ' ಎನ್ನುವ ಬದಲು 'ತಮ್ಮ' ಎನ್ನುವ ರೂಢಿಯೂ ಇರುವುದರಿಂದ, ಹಣದ ವಿಷಯದಲ್ಲಿ ನಾನು ಅದನ್ನೂ ನಂಬುವುದಿಲ್ಲ. "ಮಾಲೀಕರ ಖರ್ಚಿನಲ್ಲಿ" ಎಂದೇ ಬರೆಯಿರಿ. ಕಿವಿಗೆ ಚೆನ್ನಾಗಿರುವುದಿಲ್ಲ, ಇರಲಿ.

ಬೇಕು, ಬಹುದು, ಬಾರದು

ಕ್ರಿಯಾಪದದ ಬಾಲವೇ ಷರತ್ತಿನ ಬೆನ್ನುಮೂಳೆ. "ಸರಬರಾಜುದಾರರು ವಾರದೊಳಗೆ ಸಾಮಾನು ಕಳಿಸುತ್ತಾರೆ" ಎನ್ನುವುದು ವಾಗ್ದಾನವೋ, ಸಾಮಾನ್ಯವಾಗಿ ಹೀಗೆ ನಡೆಯುತ್ತದೆ ಎಂಬ ವರದಿಯೋ? ಕಡ್ಡಾಯವಾದರೆ 'ಕಳಿಸಬೇಕು'. ಕೆಲವರಿಗೆ 'ಕಳಿಸತಕ್ಕದ್ದು' ಎಂದರೇ ಸಮಾಧಾನ. ಅದೂ ಆಗಬಹುದು, ಆದರೆ ಇಡೀ ಕರಾರಿನಲ್ಲಿ ಒಂದನ್ನೇ ಹಿಡಿಯಿರಿ. ಎರಡೂ ಇದ್ದರೆ, ಒಂದು ಇನ್ನೊಂದಕ್ಕಿಂತ ಗಟ್ಟಿ ಎಂದು ವಾದಿಸಲು ಯಾರಾದರೂ ಹುಟ್ಟಿಕೊಳ್ಳುತ್ತಾರೆ.

'ಬಹುದು' ಇನ್ನೂ ಮೋಸಗಾರ. "ಬದಲಿ ಸಾಮಾನು ಕಳಿಸಬಹುದು" ಎಂದರೆ ಕಳಿಸುವ ಸಾಧ್ಯತೆ ಇದೆ ಎಂದೋ, ಕಳಿಸುವ ಹಕ್ಕಿದೆ ಎಂದೋ? ಹಕ್ಕು ಎಂದಾದರೆ ಅದರ ಇನ್ನೊಂದು ಮುಖವನ್ನೂ ಬರೆಯಿರಿ: "ಕಳಿಸಿದರೆ ಖರೀದಿದಾರರು ಅದನ್ನು ತೆಗೆದುಕೊಳ್ಳಲೇಬೇಕು." 'ಹೇಳಬೇಕಾಗಿಲ್ಲ' ಮತ್ತು 'ಹೇಳಬಾರದು' ನಡುವಿನ ವ್ಯತ್ಯಾಸ ಎಲ್ಲರಿಗೂ ಗೊತ್ತು. ಆದರೂ ಗುಟ್ಟು ಕಾಪಾಡುವ ಷರತ್ತಿನಲ್ಲಿ ಮೊದಲನೆಯದನ್ನು ಬರೆದಿದ್ದನ್ನು ನಾನು ನೋಡಿದ್ದೇನೆ. ಹೇಳಬೇಕಾಗಿಲ್ಲ, ಬೇಕಿದ್ದರೆ ಹೇಳಬಹುದು ಎಂದಾಯಿತಲ್ಲ!

'ಇಲ್ಲ' ಎಲ್ಲಿಗೆ ಅಂಟುತ್ತದೆ?

"ಎಲ್ಲ ಕಂತುಗಳನ್ನು ಕಟ್ಟದಿದ್ದರೆ ಯಂತ್ರವನ್ನು ವಾಪಸ್ ತೆಗೆದುಕೊಳ್ಳಬಹುದು."

ಒಂದು ಕಂತು ತಪ್ಪಿದರೂ ತೆಗೆದುಕೊಳ್ಳಬಹುದೇ, ಅಥವಾ ಒಂದನ್ನೂ ಕಟ್ಟದಿದ್ದರೆ ಮಾತ್ರವೇ? ಎರಡು ಓದಿನ ನಡುವೆ ಇಡೀ ಯಂತ್ರವೇ ನಿಂತಿದೆ. 'ಎಲ್ಲ' ಮತ್ತು ನಿಷೇಧ ಒಂದೇ ವಾಕ್ಯದಲ್ಲಿ ಸಿಕ್ಕರೆ ಅದನ್ನು ದೋಷ ಎಂದೇ ಗುರುತು ಹಾಕಿಕೊಳ್ಳಿ. "ಯಾವುದೇ ಒಂದು ಕಂತು ತಪ್ಪಿದರೂ" ಅಥವಾ "ಸತತ ಮೂರು ಕಂತು ತಪ್ಪಿದರೆ" ಎಂದು ಎಣಿಸಿ ಹೇಳಿ.

'ಮತ್ತು' ಕೂಡ ಹೀಗೇ. "ಮಾಲೀಕರು ಮತ್ತು ಮ್ಯಾನೇಜರು ಸಹಿ ಮಾಡಬಹುದು" ಎಂದರೆ ಜಂಟಿ ಸಹಿಯೋ, ಯಾರಾದರೊಬ್ಬರ ಸಹಿಯೋ? "ಇಬ್ಬರೂ ಸೇರಿ" ಅಥವಾ "ಇಬ್ಬರಲ್ಲಿ ಒಬ್ಬರು" ಎನ್ನಿ. 'ಮತ್ತು/ಅಥವಾ' ಎಂದು ಗೆರೆ ಎಳೆದು ಬರೆಯುವವರು ತೀರ್ಮಾನವನ್ನು ಮುಂದೂಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. "ಹೊಸ ಪೈಪು ಮತ್ತು ವೈರು" ಎಂಬಲ್ಲಿ ವೈರು ಹಳೆಯದಾಗಿದ್ದರೆ ನಡೆಯುತ್ತದೆಯೇ? "ಹೊಸ ಪೈಪು, ಹೊಸ ವೈರು" ಎಂದರೆ ಪ್ರಶ್ನೆಯೇ ಇಲ್ಲ.

ದಿನದ ಲೆಕ್ಕ

"31ರೊಳಗೆ" ಎಂದರೆ 31 ಸೇರಿತೋ ಇಲ್ಲವೋ? "31ರವರೆಗೆ"? ಇಬ್ಬರನ್ನು ಕೇಳಿ ನೋಡಿ, ಉತ್ತರ ಒಂದೇ ಆಗಿರುತ್ತದೆ ಎಂಬ ಧೈರ್ಯ ನನಗಿಲ್ಲ. "31ನೇ ತಾರೀಕು ಸೇರಿ" ಎಂದು ಎರಡು ಪದ ಹೆಚ್ಚು ಬರೆಯುವುದಕ್ಕೆ ಜಿಪುಣತನ ಬೇಡ. 'ಒಂದು ತಿಂಗಳು' ಎನ್ನುವಾಗ 30 ದಿನವೋ, ಮುಂದಿನ ತಿಂಗಳ ಅದೇ ತಾರೀಕೋ? ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಎಲ್ಲಿಗೆ ಹೋಗುತ್ತೀರಿ? ದಿನದ ಲೆಕ್ಕದಲ್ಲಿ ಬರೆದರೆ ಈ ಕಾಟ ಇಲ್ಲ. 'ಕೆಲಸದ ದಿನ' ಎಂದು ಬರೆದರೆ ಯಾವ ಯಾವ ದಿನ ರಜೆ ಎಂದೂ ಹೇಳಬೇಕಾಗುತ್ತದೆ.

ಒಂದೇ ಒಂದು ದಿನದ ತಪ್ಪು, ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿದೆ. ಬಾಡಿಗೆ ಕರಾರು 1995ರ ಜನವರಿ 13ಕ್ಕೆ ಮುಗಿಯುವಂತೆ ಬಾಡಿಗೆದಾರರು ನೋಟಿಸ್ ಕೊಡಬೇಕಿತ್ತು, ಕೊಟ್ಟಿದ್ದು 12ಕ್ಕೆ ಮುಗಿಯುವಂತೆ. ಅವರು ಏನು ಹೇಳಹೊರಟಿದ್ದರು ಎಂಬುದು ಓದಿದ ಯಾರಿಗೂ ತಿಳಿಯುತ್ತದೆ ಎಂದು 1997ರಲ್ಲಿ ನ್ಯಾಯಮೂರ್ತಿಗಳು ನೋಟಿಸನ್ನು ಒಪ್ಪಿದರು. ಆದರೆ ಐವರಲ್ಲಿ ಇಬ್ಬರು ಒಪ್ಪಲಿಲ್ಲ. ಮೂರು-ಎರಡರ ಅಂತರದ ಮೇಲೆ ನಿಮ್ಮ ಕರಾರನ್ನು ನಿಲ್ಲಿಸಬೇಡಿ.

ನೋಟಿಸಿನ ಷರತ್ತಿನಲ್ಲಿ ಇನ್ನೊಂದು ಪ್ರಶ್ನೆ ಸದಾ ಬಿಟ್ಟುಹೋಗಿರುತ್ತದೆ. ಎಣಿಕೆ ಶುರುವಾಗುವುದು ಕಳಿಸಿದ ದಿನದಿಂದಲೋ, ತಲುಪಿದ ದಿನದಿಂದಲೋ? ವಾಟ್ಸಾಪಿನಲ್ಲಿ ಕಳಿಸಿದರೆ ನಡೆಯುತ್ತದೆಯೋ? ಬರೆದುಬಿಡಿ.

ಶೇಕಡಾ ಎಂದರೆ ಯಾವುದರ?

"ತಡವಾದರೆ ಶೇ. 2 ದಂಡ." ಯಾವುದರ ಶೇ. 2, ಇಡೀ ಮೊತ್ತದ್ದೋ ಬಾಕಿಯದ್ದೋ? ಒಂದೇ ಸಲವೋ, ದಿನಕ್ಕೋ, ತಿಂಗಳಿಗೋ? ಮಿತಿ ಇದೆಯೇ? ತಿಂಗಳಿಗೆ 2 ಎಂದು ಒಬ್ಬರು, ವರ್ಷಕ್ಕೆ 2 ಎಂದು ಇನ್ನೊಬ್ಬರು ಓದಿದರೆ ವರ್ಷದ ಕೊನೆಗೆ ಒಬ್ಬರ ಲೆಕ್ಕ 24, ಇನ್ನೊಬ್ಬರದು 2. "ಬಡ್ಡಿದರವನ್ನು ಶೇ. 5ರಷ್ಟು ಹೆಚ್ಚಿಸಲಾಗುವುದು" ಎಂಬುದೂ ಬಲೆಯೇ. ಈಗಿನ ದರ ಶೇ. 10 ಇದ್ದರೆ ಹೊಸದು 10.5 ಆಗಬಹುದು, 15 ಕೂಡ ಆಗಬಹುದು. "ಶೇ. 10ರಿಂದ ಶೇ. 15ಕ್ಕೆ" ಎಂದು ಎರಡೂ ತುದಿ ಬರೆಯಿರಿ. ಲೆಕ್ಕ ಸ್ವಲ್ಪ ಕಷ್ಟದ್ದಾದರೆ ಷರತ್ತಿನ ಕೆಳಗೇ ಒಂದು ಉದಾಹರಣೆ ಹಾಕಿಬಿಡಿ: 1,000ದ ಬಿಲ್ಲು, 10 ದಿನ ತಡ, ದಂಡ ಇಷ್ಟು. ಎಷ್ಟು ಮಾತು ಬರೆದರೂ ಬಗೆಹರಿಯದ್ದು ಒಂದು ಉದಾಹರಣೆಯಿಂದ ಬಗೆಹರಿದಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದು ವಸ್ತು, ಒಂದು ಹೆಸರು

ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಕರಾರಿನಲ್ಲಿ ಅದನ್ನು ಮರೆಯಿರಿ. ಒಂದು ಕಡೆ 'ಗುತ್ತಿಗೆದಾರ', ಇನ್ನೊಂದು ಕಡೆ 'ಕಂಟ್ರಾಕ್ಟರ್', ಮತ್ತೊಂದು ಕಡೆ 'ಎರಡನೇ ಪಾರ್ಟಿ', ಕೊನೆಗೆ 'ಸದರಿಯವರು'. ಇವರೆಲ್ಲ ಒಬ್ಬರೇನಾ? ಪದ ಬದಲಾದರೆ ಅರ್ಥವೂ ಬದಲಾಗಿದೆ ಎಂದೇ ಓದುಗ ತಿಳಿಯುತ್ತಾನೆ. ಫೈಲಿನಲ್ಲಿ ಪ್ರತಿ ಹೆಸರನ್ನೂ ಹುಡುಕಿ ಎಣಿಸಿ, ಐದು ನಿಮಿಷದ ಕೆಲಸ.

ಇನ್ನು ಎಲ್ಲರಿಗೂ ಗೊತ್ತಿರುವ ಪದಕ್ಕೆ ವಿವರಣೆ ಯಾಕೆ ಎನ್ನಬೇಡಿ. ನ್ಯೂಯಾರ್ಕಿನ ಕೋರ್ಟೊಂದು 1960ರಲ್ಲಿ ವಿಚಾರ ಮಾಡಿದ್ದು 'ಕೋಳಿ' ಎಂದರೇನು ಎಂಬ ಪ್ರಶ್ನೆಯನ್ನು. ಸ್ವಿಟ್ಜರ್ಲೆಂಡಿನ ಖರೀದಿದಾರರು ಹುರಿಯಲು ಬರುವ ಎಳೆಯ ಕೋಳಿ ಎಂದುಕೊಂಡಿದ್ದರು. ಮಾರಿದವರು ಬಲಿತ ಕೋಳಿಯನ್ನೂ ಕಳಿಸಿದರು. ತಮ್ಮ ಸಂಕುಚಿತ ಅರ್ಥವನ್ನು ಸಾಬೀತು ಮಾಡಲಾಗದೆ ಖರೀದಿದಾರರು ಸೋತರು.

ಅಂಚಿಲ್ಲದ ಮಾತನ್ನು ಬಿಡುವುದು ಯಾವಾಗ?

ಎಲ್ಲ 'ಸೂಕ್ತ'ಗಳನ್ನೂ ಕಿತ್ತುಹಾಕಲು ಹೋಗಬೇಡಿ. ಮುಂದೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿಲ್ಲದ ಕಡೆ 'ಸಮಂಜಸವಾದ ಕಾಲದಲ್ಲಿ' ಎಂಬುದೇ ಪ್ರಾಮಾಣಿಕ ಮಾತು. ಸುಮ್ನೆ '7 ದಿನ' ಎಂದು ಹಾಕಿ, ಆಮೇಲೆ ಇಬ್ಬರೂ ಅದನ್ನು ಪಾಲಿಸದೆ ಇರುವುದಕ್ಕಿಂತ ಅದು ವಾಸಿ. ನಾನು ನೋಡುವುದು ಇಷ್ಟು: ಈ ಮಾತಿನ ಮೇಲೆ ಹಣ ನಿಂತಿದೆಯೇ, ಅಥವಾ ಕರಾರು ಮುರಿಯುವ ಹಕ್ಕು ನಿಂತಿದೆಯೇ? ನಿಂತಿದ್ದರೆ ಅಳತೆ ಬೇಕು. ಅಳತೆ ಸಿಗದಿದ್ದರೆ ತೀರ್ಮಾನಿಸುವವರು ಯಾರು ಎಂದಾದರೂ ಬೇಕು.

ನನ್ನ 'ತೃಪ್ತಿ'ಯ ಷರತ್ತನ್ನು ಈಗ ಹೀಗೆ ಬರೆಯುತ್ತೇನೆ: "ಗ್ರಾಹಕರು ಪಠ್ಯ ತಲುಪಿದ ಮರುದಿನದಿಂದ 10 ದಿನದೊಳಗೆ, 10ನೇ ದಿನವೂ ಸೇರಿ, ತಿದ್ದುಪಡಿಗಳನ್ನು ಒಂದೇ ಪಟ್ಟಿಯಲ್ಲಿ ಕೊಡಬೇಕು. ಅನುವಾದಕರು ಎರಡು ಸಲ ತಿದ್ದಿಕೊಡಬೇಕು. ಮೂಲದಲ್ಲಿ ಇಲ್ಲದ ಹೊಸ ವಿಷಯ ಸೇರಿಸುವುದು ತಿದ್ದುಪಡಿ ಅಲ್ಲ, ಹೊಸ ಕೆಲಸ." ಇದರಲ್ಲೂ ಒಂದು ತೂತಿತ್ತು. 10 ದಿನದೊಳಗೆ ಪಟ್ಟಿ ಬರದಿದ್ದರೆ? ಒಬ್ಬ ಗೆಳೆಯ ಜಗಳಗಂಟನಾಗಿ ಓದಿ ತೋರಿಸಿದ. "ಬರದಿದ್ದರೆ ಪಠ್ಯವನ್ನು ಒಪ್ಪಿದಂತೆ" ಎಂದು ಸೇರಿಸಿದೆ.

ತಿದ್ದುವಾಗ ಹುಟ್ಟುವ ಹೊಸ ದೋಷ

ಒಂದು ಷರತ್ತು ಸೇರಿಸಿದಿರಿ, ನಂಬರುಗಳು ಜರುಗಿದವು. "ಷರತ್ತು 7ರಂತೆ" ಎಂದಿದ್ದದ್ದು ಈಗ 8ಕ್ಕೆ ಹೋಗಬೇಕು, ಆದರೆ ಹೋಗಿಲ್ಲ. ಹಳೆಯ ಕರಾರಿನಿಂದ ನಕಲು ಮಾಡಿದ ಸಾಲಿನಲ್ಲಿ ಹಳೆಯ ಪಾರ್ಟಿಯ ಹೆಸರೇ ಉಳಿದಿದೆ. ಅಂಕಿಯಲ್ಲಿ 15, ಅಕ್ಷರದಲ್ಲಿ 'ಹನ್ನೆರಡು'. ಇಂಥ ಕಡೆ ಸಾಮಾನ್ಯವಾಗಿ ಅಕ್ಷರಕ್ಕೇ ಬೆಲೆ, ಆದರೆ ಅಲ್ಲಿಯವರೆಗೆ ಯಾಕೆ ಹೋಗಬೇಕು? ಒಮ್ಮೆ ಮಾತ್ರ ಬರೆಯಿರಿ. ಒಂದೇ ವಿಷಯ ಎರಡು ಜಾಗದಲ್ಲಿದ್ದರೆ ಒಂದು ದಿನ ಒಂದನ್ನು ಮಾತ್ರ ತಿದ್ದುತ್ತೀರಿ.

ಈಗಾಗಲೇ ಸಹಿ ಆಗಿದ್ದರೆ

ದೋಷ ಕಂಡಿದ್ದು ಸಹಿಯಾದ ಮೇಲೆ ಎಂದರೆ, ಹಣದ ಜಗಳ ಶುರುವಾಗುವ ಮುಂಚೆಯೇ ಬಾಯಿ ಬಿಡಿ. ಆಗ ಇಬ್ಬರಿಗೂ ಯಾವ ಅರ್ಥ ಲಾಭ ಎಂಬುದು ಇನ್ನೂ ಗೊತ್ತಿರುವುದಿಲ್ಲ, ಹಾಗಾಗಿ ಒಪ್ಪಿಗೆ ಸುಲಭ. ಹಳೆಯ ಪುಟದ ಮೇಲೆ ಗೀಚಬೇಡಿ. ಬೇರೆ ಹಾಳೆಯಲ್ಲಿ ಯಾವ ಕರಾರು, ಯಾವ ತಾರೀಕಿನದು, ಯಾವ ನಂಬರಿನ ಷರತ್ತು ಎಂದು ಬರೆದು, ಹಳೆಯ ಸಾಲನ್ನು ಪೂರ್ತಿ ಹಾಕಿ, ಅದರ ಕೆಳಗೆ ಹೊಸ ಸಾಲನ್ನು ಪೂರ್ತಿ ಹಾಕಿ, ಮೊದಲು ಸಹಿ ಮಾಡಿದವರೇ ಮತ್ತೆ ಸಹಿ ಮಾಡಲಿ. ದೊಡ್ಡ ಮೊತ್ತವಾದರೆ ಸಹಿಗೆ ಮುಂಚೆ ವಕೀಲರಿಗೆ ತೋರಿಸಿ. ಹೊಸ ಸಾಲು ಯಾವ ದಿನದಿಂದ ಜಾರಿ, ಈಗಾಗಲೇ ಕೊಟ್ಟ ಬಿಲ್ಲುಗಳಿಗೂ ಅನ್ವಯವೇ ಎಂಬ ಒಂದು ವಾಕ್ಯ ಆ ಹಾಳೆಯಲ್ಲಿ ಇರಲೇಬೇಕು. ಹೆಚ್ಚಿನವರು ಮರೆಯುವುದು ಅದನ್ನೇ.